ಎಳೆದರೆ ಇಳಿಯುತ್ತದೆ

ಏಪ್ರಿಲ್ 25, 1911. ಮಂಗಳವಾರ, ಬೆಳಗಿನ ಐದೂವರೆ

ಇವತ್ತೂ ಗಾಳಿ. ಕರವಸ್ತ್ರ ಎತ್ತಿ ಹಿಡಿದೆ – ಹಲಗೆಯ ಹಾಗೆ ಅಡ್ಡಡ್ಡ ನಿಂತಿತು. ಹಾರಾಟ ಇಲ್ಲ. ಸಿದೋನಿ ಶೆಡ್ಡಿನ ಬಾಗಿಲಲ್ಲಿ ಕೂತು ಕಾಫಿಗೆ ಬ್ರೆಡ್ ಅದ್ದಿಕೊಂಡು ತಿಂದಳು. ನನ್ನ ಹೆಂಡತಿಯ ತೂಕ ನಲವತ್ತೇಳು ಕಿಲೋ. ನನ್ನದು ನೂರಾ ನಾಲ್ಕು. ಹಾಗಾಗಿ ಆಕಾಶ ಅವಳ ಪಾಲಿಗೆ, ಕರವಸ್ತ್ರ ನನ್ನ ಪಾಲಿಗೆ.

ಹದಿನೆಂಟು ವರ್ಷ ರಂಗದ ಮೇಲೆ ಗುಡುಗಿದವನು ನಾನು! ರಾಜ, ಕಟುಕ, ಸಮುದ್ರಗಳ್ಳ. ಹಿಂದಿನ ಸಾಲಿನ ಕಿವುಡು ಮುದುಕಿಯೂ ಬೆಚ್ಚಿಬೀಳಬೇಕು, ಅಂಥ ಗಂಟಲು. ಈಗ? ಹೆಂಡತಿ ಮೂವತ್ತು ಮೀಟರ್ ಮೇಲೆ, ಎಂಜಿನ್ ಮೊರೆತ, ಕೆಳಗೆ ಈ ಎವಾರಿಸ್ಟ್ ಮಹಾಶಯನ ಗರ್ಜನೆ... ಸೊಳ್ಳೆಯ ಸದ್ದು.

ವಿಮಾನ ಕಟ್ಟುವ ವೋಕ್ಲೇನ್ ತನ್ನ ಹೊಸ ವಿಮಾನದ ಮೇಲಿನ ಹೊದಿಕೆ ತೆಗೆದ. ಹೆಸರು ಮಿಡತೆ. ಸೈಕಲ್ ಚಕ್ರ, ಬಿದಿರಿನ ಬಾಲ, ರೇಷ್ಮೆಯ ರೆಕ್ಕೆ, ಒಬ್ಬರಿಗೇ ಜಾಗ. ಹಲ್ಲಿನ ಡಾಕ್ಟರು, ಅಂಗಡಿಯವನು, ಯಾರು ಬೇಕಾದರೂ ಮನೆಯ ಹಿತ್ತಿಲಲ್ಲಿ ಇಟ್ಟುಕೊಳ್ಳಬಹುದಂತೆ. ಹಳೆಯ ವಿಮಾನದಲ್ಲಿ ಪೈಲಟ್ ಹಿಡಿಯುವ ಕೋಲನ್ನು ಮುಂದಕ್ಕೆ ತಳ್ಳಿದರೆ ಮೂಗು ಕೆಳಗಾಗುತ್ತಿತ್ತು. ಇದರಲ್ಲಿ ತಿರುಗುಮುರುಗು – ಹಿಂದಕ್ಕೆ ಎಳೆದರೆ ಕೆಳಗೆ. ಕುದುರೆಗಾಡಿಯವನು ಹೆದರಿದರೆ ಏನು ಮಾಡ್ತಾನೆ, ಬ್ರೇಕು ಎಳೀತಾನೆ. ಎಳೆದರೆ ಇಳಿಯಲಿ, ಅಂದ ವೋಕ್ಲೇನ್. ಬುದ್ಧಿವಂತ.

ಆದರೆ ಸಿದೋನಿ ಎರಡು ವರ್ಷ ತಳ್ಳಿದವಳು.

ಏಪ್ರಿಲ್ 27. ಗುರುವಾರ

ಗಾಳಿ ನಿಂತಿತು. ಮೊದಲ ನೆಗೆತ. ಇಳಿಸಬೇಕಾದಲ್ಲಿ ತಳ್ಳಿದಳು. ಮಿಡತೆ ಹೆಸರಿಗೆ ತಕ್ಕ ಹಾಗೆ ಚಿಮ್ಮಿತು, ನಿಂತಿತು, ದೊಪ್ಪನೆ ಕೂತಿತು. ಒಂದು ಚಕ್ರ ಹೋಯಿತು. ಅವಳ ತುಟಿ ಸೀಳಿತು. ನಾನು ಓಡಿದೆ. ನೂರಾ ನಾಲ್ಕು ಕಿಲೋ ಓಡುವುದು ನೋಡಿ ಅವಳಿಗೆ ರಕ್ತದ ಬಾಯಲ್ಲೇ ನಗು.

“ನಂಗೆ ನೆನಪಿತ್ತು ಮಾರಾಯ. ಕೈಗೆ ಇರಲಿಲ್ಲ.”

ಇದು ನನಗೆ ಗೊತ್ತಿರುವ ರೋಗ. ರಾಜನ ಪಾರ್ಟು ಮಾಡುತ್ತಿದ್ದಾಗ ಒಂದು ಸಲ ದೀಪ ಸಿಡಿಯಿತು. ಬೆಚ್ಚಿದೆ. ಸಿಂಹಾಸನದ ಮೇಲೆ ಕೂತೇ ಸಮುದ್ರಗಳ್ಳನ ಮಾತು ಶುರುಮಾಡಿದೆ – ಹಡಗಿಗೆ ಬೆಂಕಿ ಹಚ್ಚಿ, ಅಂತ. ಹೆದರಿದ ನಟನ ಬಾಯಿಗೆ ಇನ್ನೂರು ಸಲ ಆಡಿದ್ದೇ ಬರುವುದು.

ಅಲ್ಲಿ ಜನ ನಕ್ಕರು, ಮುಗಿಯಿತು. ಇಲ್ಲಿ? ಮೇಲೆ ಎಂಜಿನ್ ನಿಂತರೆ ಆ ಕ್ಷಣವೇ ಮೂಗು ತಗ್ಗಿಸಬೇಕು. ತಗ್ಗಿಸಿದರೆ ಎಲೆಯ ಹಾಗೆ ತೇಲಿ ಇಳಿಯುತ್ತದೆ. ಎತ್ತಿದರೆ ವೇಗ ಸತ್ತು ಕಲ್ಲಿನ ಹಾಗೆ ಬೀಳುತ್ತದೆ. ಯೋಚಿಸಲು ಸಮಯ ಇರುವುದಿಲ್ಲ. ಕೈಯೇ ಯೋಚಿಸಬೇಕು.

ಏಪ್ರಿಲ್ 28

ವೋಕ್ಲೇನ್ ಮುಂದೆ ಮಂಡಿಯೂರಿದೆ. ನಿಜವಾಗಿ ಊರಿದೆ. ಕೋಲು ಹಳೆಯ ಥರ ಮಾಡು ಅಂದೆ. ಪ್ಯಾಂಟಿಗೆ ಹರಳೆಣ್ಣೆ ಮೆತ್ತಿಕೊಳ್ಳುತ್ತೆ ಏಳಿ ಅಂದ. ಎಂಜಿನ್ನಿಗೆ ಹಾಕುವ ಹರಳೆಣ್ಣೆ ಶೆಡ್ಡಿನ ತುಂಬ ಚೆಲ್ಲಿರುತ್ತದೆ. ಕೋಲು ಮಾತ್ರ ಬದಲಾಗಲ್ಲ ಅಂದ.

ಸರಿ. ಹಾಗಾದರೆ ಕೈಯನ್ನೇ ಬದಲಾಯಿಸುತ್ತೇನೆ! ರಿಹರ್ಸಲ್ ಶುರು. ಪೀಪಾಯಿಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಸಿದೋನಿ, ಅವಳ ಕೈಯಲ್ಲಿ ಪೊರಕೆಯ ಹಿಡಿ. ನಾನು ಹಿಂದಿನಿಂದ “ಹೋ” ಎಂದು ಗರ್ಜಿಸುತ್ತೇನೆ. ಗರ್ಜಿಸಿದರೆ ಎಂಜಿನ್ ನಿಂತಿತು ಅಂತ ಅರ್ಥ. ಎಳೆಯಬೇಕು.

ಇನ್ನೊಂದು ಕೆಲಸವನ್ನೂ ಮಾಡಿದೆ. ಅವಳಿಗೆ ಹೇಳಿಲ್ಲ. ಮಿಡತೆಯನ್ನು ಕೊಳ್ಳುವವನು ಕ್ರೆಸ್ಪೆಲ್, ಬೀಟ್‌ರೂಟ್ ಸಕ್ಕರೆ ಕಾರ್ಖಾನೆಯ ಧಣಿ. ಅವನಿಗೆ ಎಂಟು ಪುಟದ ಪತ್ರ ಬರೆದೆ. ಕಲ್ಲೂ ಕರಗಬೇಕು, ಅಂಥ ಪತ್ರ. ಆ ಕೋಲನ್ನು ತಿರುಗಿಸಲು ನೀವೇ ಆಜ್ಞೆ ಮಾಡಿ, ಎಂದು.

ಮೇ 6

ಉತ್ತರ ಇಲ್ಲ. ರಿಹರ್ಸಲ್ ಮಾತ್ರ ಜೋರು. ಈಗ ಕುರ್ಚಿ ಬೇಕಿಲ್ಲ. ಅವಳು ತಲೆ ಬಾಚುವಾಗ – ಹೋ. ಬಾಚಣಿಗೆ ಹಿಂದಕ್ಕೆ. ಸೂಪು ಕುಡಿಯುವಾಗ – ಹೋ. ಚಮಚ ಹಿಂದಕ್ಕೆ, ಸೂಪು ಎದೆಯ ಮೇಲೆ. ನಿನ್ನೆ ಸಂತೆಯಲ್ಲಿ ಗರ್ಜಿಸಿದೆ. ಮಾಂಸದಂಗಡಿಯವನ ಏಪ್ರನ್ ಅವಳ ಕೈಗೆ ಬಂತು. ಮೇಡಂಗೆ ಮೈ ಹುಷಾರಿಲ್ವಾ, ಅಂತ ಅವನು ನನ್ನ ಕೇಳಿದ. ಮೇಡಂ ಹುಷಾರಾಗ್ತಿದ್ದಾರೆ ಅಂದೆ.

ಹತ್ತಕ್ಕೆ ಹತ್ತು.

ಮೇ 14. ಭಾನುವಾರ

ನಲವತ್ತು ಮೀಟರ್ ಎತ್ತರದಲ್ಲಿ ತಾನೇ ಎಂಜಿನ್ ಆರಿಸಿದಳು. ಒಮ್ಮೆಗೇ ನಿಶ್ಶಬ್ದ. ಮೂಗು ತಗ್ಗಿತು... ತೇಲಿ ಬಂದು ಹುಲ್ಲಿನ ಮೇಲೆ ಕೂತಳು. ಒಂದು ಹೂವೂ ಬಾಗಿರಲಿಲ್ಲ. ನಾನು ಎಲ್ಲರ ಮುಂದೆ ಅತ್ತೆ. ನಟನೆ ಅಂದುಕೊಂಡು ಮೆಕ್ಯಾನಿಕ್‌ಗಳು ಚಪ್ಪಾಳೆ ತಟ್ಟಿದರು.

ಪತ್ರದ ಮಾತು ಮರೆತೇಹೋಗಿದೆ. ಇನ್ನು ಅದಕ್ಕೆ ಏನು ಕೆಲಸ.

ಮೇ 24. ಬುಧವಾರ

ಹತ್ತು ದಿನ ಏನೂ ಬರೆದಿಲ್ಲ. ಸುಖವಾಗಿದ್ದೆ.

ಇವತ್ತು ಕ್ರೆಸ್ಪೆಲ್ ಮೋಟಾರಿನಲ್ಲಿ ಬಂದ. ದಪ್ಪ ಮೀಸೆ, ಒಳ್ಳೆಯ ಮನುಷ್ಯ. ಊರಲ್ಲಿ ಇರಲಿಲ್ಲವಂತೆ, ಪತ್ರ ಈಗ ಸಿಕ್ಕಿತಂತೆ, ಓದಿ ಅವನ ಹೆಂಡತಿ ಕಣ್ಣೀರು ಹಾಕಿದಳಂತೆ. ನನ್ನ ಎರಡೂ ಕೈ ಹಿಡಿದುಕೊಂಡ. ಹಿಂದೆ ವೋಕ್ಲೇನ್ ನಿಂತಿದ್ದ, ಮುಖ ಬಿಗಿದು.

“ನಿಮ್ಮಾಸೆಯಂತೆ ಆಯ್ತು, ಮುಸ್ಯೆ ಎವಾರಿಸ್ಟ್. ವೋಕ್ಲೇನ್‌ಗೆ ಹೇಳಿ ಕೋಲು ತಿರುಗಿಸಿದ್ದೀನಿ. ಇನ್ಮೇಲೆ ತಳ್ಳಿದ್ರೇ ಇಳಿಯೋದು.”

ಮಾತು ಬರಲಿಲ್ಲ. ನನಗೆ!

ಮೇ 25

ಸಿದೋನಿಗೆ ಹೇಳಿದೆ. ಪತ್ರದ ವಿಷಯವನ್ನೂ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು, ಬೇರೆ ಯಾರದೋ ಕೈ ಎಂಬ ಹಾಗೆ.

ವೋಕ್ಲೇನ್ ಬಳಿ ಓಡಿದೆ. ಮತ್ತೆ ಮೊದಲಿನಂತೆ ಮಾಡು ಅಂದೆ. ಅವನು ನಗಲೂ ಇಲ್ಲ. ಕಬ್ಬಿಣ ಬೆಸೆದಾಗಿದೆ, ತಂತಿ ಕತ್ತರಿಸಿಯಾಗಿದೆ, ಭಾನುವಾರ ಪ್ರದರ್ಶನ, ಕ್ರೆಸ್ಪೆಲ್ ತಳ್ಳುವ ಕೋಲು ನೋಡಲೆಂದೇ ಬರುತ್ತಾನೆ. ಭಾನುವಾರವನ್ನು ಮುಂದೂಡು ಅಂದೆ. ಐವರು ಪತ್ರಕರ್ತರನ್ನು ಕರೆದಿದ್ದಾನಂತೆ. ಬೇರೆಯವರನ್ನು ಹಾರಿಸು ಅಂದೆ. ಐವತ್ತು ಕಿಲೋ ಒಳಗಿನ ಬೇರೆ ಪೈಲಟ್ ಇದ್ದರೆ ಕರೆದುಕೊಂಡು ಬನ್ನಿ ಅಂದ.

ಹಾರಬೇಡ ಅಂತ ಅವಳನ್ನೇ ಬೇಡಿದೆ. ಆಗ ಮಾತ್ರ ಸಿಟ್ಟಾದಳು. ಸರ್ಕಸ್ಸಿನ ಜೋಕಾಲಿಯಿಂದ ಬಿದ್ದು ಭುಜ ಮುರಿದಮೇಲೆ ಮೂರು ವರ್ಷ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವಳು ಅವಳು.

“ನೆಲದ ಮೇಲೆ ನಾನು ಏನಾಗಿದ್ದೆ ಅಂತ ನೀನು ನೋಡಿದ್ದೀಯ. ಮತ್ತೆ ಅಲ್ಲಿಗೆ ಕಳಿಸಬೇಡ.”

ನೋಡಿದ್ದೇನೆ.

ಮೇ 27. ಶನಿವಾರ

ಎರಡು ದಿನ ಬಿರುಗಾಳಿ. ಒಂದು ನೆಗೆತಕ್ಕೂ ಅವಕಾಶ ಇಲ್ಲ. ಮತ್ತೆ ಪೀಪಾಯಿ, ಕುರ್ಚಿ, ಪೊರಕೆ ಹಿಡಿ. ಗರ್ಜಿಸಿದೆ. ಎಳೆದಳು. ತಳ್ಳಬೇಕು ಸಿದೋನಿ. ಗೊತ್ತು. ಗರ್ಜಿಸಿದೆ. ಎಳೆದಳು.

ಹತ್ತರಲ್ಲಿ ಏಳು ಸಲ ಎಳೆದಳು. ಎಂಥ ಮೇಷ್ಟ್ರು ನಾನು! ಎಷ್ಟು ಚೆನ್ನಾಗಿ ಕಲಿಸಿದ್ದೇನೆ!

ಸಂಜೆ ಅವಳೇ ಬೇರೆ ಥರ ನೋಡೋಣ ಅಂದಳು. ನಾನು ಹೊರಗೆ ಹೋದೆ. ಗರ್ಜನೆಯ ಬದಲು ಮೆಕ್ಯಾನಿಕ್ ಸದ್ದಿಲ್ಲದೆ ಅವಳ ಭುಜ ಮುಟ್ಟಿದ. ಹತ್ತರಲ್ಲಿ ಎಂಟು ಸಲ ತಳ್ಳಿದಳಂತೆ. ಮತ್ತೆ ಮಾಡಿದರು. ಒಂಬತ್ತು.

ಅರ್ಥವಾಯಿತು. ಕೋಲು ಅಲ್ಲ. ನಾನು.

“ನಾಳೆ ಬಾಯಿ ಬಿಡಬೇಡ ನನ್ನ ರಾಜ,” ಅಂದಳು. “ಏನೇ ಆಗಲಿ. ನಿನ್ನ ದನಿ ಕೇಳಿದ್ರೆ ಈ ಕೈ ಎಳೆದುಬಿಡುತ್ತೆ.”

ಆಣೆ ಮಾಡಿದೆ. ಅವಳಿಗೆ ನಂಬಿಕೆ ಬರಲಿಲ್ಲ. ನಿದ್ದೆಯಲ್ಲೂ ಕೂಗೋ ಮನುಷ್ಯ ನೀನು ಅಂದಳು. ನಿಜ.

ಮೇ 28. ಭಾನುವಾರ, ಸಂಜೆ ಆರೂ ಕಾಲು

ಕರವಸ್ತ್ರ ನೇರ ಕೆಳಗೆ ಜೋತಿದೆ. ಗಾಳಿ ಇಲ್ಲ. ಇಂದೇ ಇಲ್ಲದಿರಬೇಕಿತ್ತೇ.

ಹೊರಡುವ ಮೊದಲು ಸಿದೋನಿ ಈ ಪುಸ್ತಕ ತಂದು ಕೈಗೆ ಕೊಟ್ಟಳು. ಪೆನ್ಸಿಲ್ ಕೂಡ. ನಾನು ಇಳಿಯೋವರೆಗೂ ಬರೀತಿರು, ಬರೆಯೋವಾಗ ಮಾತ್ರ ನೀನು ಕೂಗಲ್ಲ, ಅಂದಳು. ಬೇಲಿಯ ಹತ್ತಿರ ಹುಲ್ಲಿನಲ್ಲಿ ಕೂತಿದ್ದೇನೆ. ಜನ ಮುನ್ನೂರು ಇರಬಹುದು. ಕ್ರೆಸ್ಪೆಲ್ ದೂರದಿಂದ ಟೋಪಿ ಎತ್ತಿದ. ಅವನ ಹೆಂಡತಿ ಕೈ ಬೀಸಿದಳು. ಪತ್ರಕ್ಕೆ ಅತ್ತವಳು.

ಪ್ರೊಪೆಲ್ಲರ್ ತಿರುಗಿಸಿದರು. ಹರಳೆಣ್ಣೆಯ ಹೊಗೆ.

ಏರಿತು. ಚೆನ್ನಾಗಿ ಏರಿತು. ಬೇಲಿಯಷ್ಟು. ಮರದಷ್ಟು.

ಮೊದಲ ಸುತ್ತು ಮುಗಿಯಿತು. ಜನ ಕೂಗುತ್ತಿದ್ದಾರೆ. ಕೂಗಲಿ, ಅವರ ದನಿಗೆ ಅವಳ ಕೈ ಪಳಗಿಲ್ಲ.

ಎರಡನೆಯ ಸುತ್ತು. ನಲವತ್ತು ಮೀಟರ್ ಇರಬಹುದು. ನನ್ನ ತಲೆಯ ಮೇಲೆ ಬರುತ್ತಿದ್ದಾಳೆ. ಕೆಂಪು ಸ್ಕಾರ್ಫ್ ಕಾಣುತ್ತಿದೆ. ಸದ್ದಿನಲ್ಲಿ ಏನೋ ತೊಡಕು. ಕೆಮ್ಮಿತು. ಸರಿಹೋಯಿತು. ಮತ್ತೆ ಕೆಮ್ಮಿತು.

ನಿಂತಿತು.

ಜನರೂ ಸುಮ್ಮನಾದರು. ಈಗ ಪಿಸುಗುಟ್ಟಿದರೂ ಕೇಳೀತು ಅವಳಿಗೆ. ಕೂಗು ಗಂಟಲಿಗೆ ಬಂದಿದೆ. ಹಲ್ಲು ಕಚ್ಚಿದ್ದೇನೆ. ಬರೆಯುತ್ತಿದ್ದೇನೆ ಸಿದೋನಿ. ಬರೆಯುತ್ತಿದ್ದೇನೆ. ಮೂಗು ಇನ್ನೂ