ಅಜ್ಜಮ್ಮನ ಕೇಸಿನ ದಿನ

ನ್ಯಾಮತಿ, ೧೯೭೮

ಚಿ. ಸಿದ್ಧಮಲ್ಲಪ್ಪನಿಗೆ ಸೋದರಮಾವನ ಆಶೀರ್ವಾದ.

ಮಂಗಳವಾರ ಹೊನ್ನಾಳಿಯ ಭೂ ನ್ಯಾಯಮಂಡಳಿಯಲ್ಲಿ ನಮ್ಮೂರ ಅಜ್ಜಮ್ಮನ ಗೇಣಿ ಹೊಲದ ಕೇಸು ಇದೆ. ಅವಳು ಉಳುತ್ತಿದ್ದುದಕ್ಕೆ ನಾನೇ ಸಾಕ್ಷಿ. "ವಕೀಲನಾಗಿದ್ದ ನನ್ನ ಅಳಿಯ ಈಗ ಎಮ್ಮೆಲ್ಲೆ, ಮಂಡಳಿಯಲ್ಲೂ ಅವನೇ ಕೂರುತ್ತಾನೆ, ತೀರ್ಪು ನನ್ನ ಜೇಬಿನಲ್ಲಿದೆ" ಎಂದು ಹೋಟೆಲಿನಲ್ಲಿ ಕೊಚ್ಚಿಕೊಂಡೆ. ಹೊಲದ ಧಣಿ ಷಣ್ಮುಖಪ್ಪ ಅಲ್ಲೇ ಇದ್ದ. "ಮಾವ ಅಳಿಯ ಸೇರಿ ಕೊಟ್ಟ ತೀರ್ಪು ಹೈಕೋರ್ಟಿನಾಗೆ ಹೆಂಗೆ ನಿಲ್ತೈತೆ, ನೋಡೇ ಬಿಡ್ತೀನಿ" ಅಂದ. ಅಜ್ಜಮ್ಮನಿಗೆ ಆ ಹೊಲ ಬಿಟ್ಟರೆ ಬೇರೆ ಅನ್ನವಿಲ್ಲ.

ಅವಳ ಹೆಸರು ಕೂಗಿದ ಕೂಡಲೇ ನೀನು ಕುರ್ಚಿ ಬಿಟ್ಟು ಹೊರಗೆ ಹೋಗಪ್ಪ. ಹೋಗುವಾಗ ಎಲ್ಲರೆದುರು ನನ್ನನ್ನು ಬೈದು ಹೋಗು. ಮೆತ್ತಗೆ ಬೈದರೆ ಯಾರೂ ನಂಬುವುದಿಲ್ಲ. ನಿನ್ನನ್ನು ಓದಿಸಿದವನೇ ನಾನೆಂದು ಊರಿಗೆಲ್ಲ ಹೇಳಿಟ್ಟಿದ್ದೇನೆ.

ಇಂತಿ,
ಮಂಗಳವಾರದ ಮಟ್ಟಿಗೆ ನಿನಗೆ ಯಾರೂ ಅಲ್ಲದ
ಚನ್ನವೀರಪ್ಪ