ಎಲ್ಲರಿಗೂ ಕೊಟ್ಟ ದನಿ

ಬಸವೇಶ್ವರನಗರ
ಶುಕ್ರವಾರ, ೧೪ ನವೆಂಬರ್ ೨೦೨೫

ನನ್ನ ಹಟಮಾರಿ ಮಗಳು ರಕ್ಷಾಗೆ ನಿನ್ನಮ್ಮನ ಆಶೀರ್ವಾದ.

ಬಸವೇಶ್ವರನಗರದಿಂದ ನಾಯಂಡಹಳ್ಳಿಗೆ ಕಾಗದ ಬರೆಯುವ ತಾಯಿ ನಾನೊಬ್ಬಳೇ ಇರಬೇಕು. ಬಸ್ಸು ಹತ್ತಿದರೆ ಕಾಗದಕ್ಕಿಂತ ಮೊದಲು ನಾನೇ ಬಂದು ಇಳಿಯಬಹುದು. ಆದರೆ ಎದುರಿಗೆ ಬಂದರೆ ಜಗಳವಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ, ಮೊನ್ನೆ ನೀನು ನನ್ನನ್ನೇ ಅನುಮಾನಿಸಿ, ನಿಜವಾಗ್ಲೂ ನೀನೇನಾ ಅಮ್ಮ, ಅಜ್ಜಿ ಮನೆ ನಾಯಿ ಹೆಸರು ಹೇಳು ಎಂದು ಪರೀಕ್ಷೆ ಮಾಡಿದೆ. ಹೆತ್ತವಳ ಹತ್ತಿರ ಮಗಳು ಗುರುತಿನ ಚೀಟಿ ಕೇಳುವ ಕಾಲ ಬಂತಲ್ಲ ಎಂದು ನಗುವೂ ಬಂತು, ಹೊಟ್ಟೆಯೂ ಉರಿಯಿತು. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಈ ಕೋಳಿ ಕೆದಕಿದಂಥ ಅಕ್ಷರವನ್ನು ಕದಿಯಲು ಯಾರಿಗೂ ಮನಸ್ಸು ಬರಲಾರದು.

ವಿಷಯಕ್ಕೆ ಬರುತ್ತೇನೆ. ಮುಂದಿನ ವಾರ ಹೊರಬರುವ ನಿಮ್ಮ ಸಾಫ್ಟ್‌ವೇರಿನ ಹೊಸ ಆವೃತ್ತಿಯಿಂದ ನನ್ನ ದನಿಯನ್ನು ತೆಗೆಯುತ್ತಿದ್ದೀಯ ಎಂದು ಜೀವನ್ ಹೇಳಿದ. ಬೇಡ ರಕ್ಷಾ, ತೆಗೆಯಬೇಡ. ತೆಗಿ ಅಂದವಳು ನೀನೇ ಅಲ್ವಾ ಎಂದು ನೀನು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೌದು, ನಾನೇ ಅಂದೆ. ಅಳುತ್ತಾ ಅಂದೆ. ಈಗ ಬೇಡ ಅನ್ನುತ್ತಿದ್ದೇನೆ, ಅದಕ್ಕೆ ಕಾರಣವನ್ನೂ ಹೇಳುತ್ತೇನೆ, ಕೊನೆಯತನಕ ಓದು.

ನೀನೂ ಜೀವನ್ನೂ ಟೈರ್ ಗೋಡೌನಿನ ಮೇಲಿನ ಆ ಕೋಣೆಯಲ್ಲಿ ಕೂತು ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತೇವೆ ಎಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಇದ್ದ ಸಿಸ್ಟಮ್ಮಿಗೆ ಏನಾಗಿದೆ ಎಂದು ನಿಮ್ಮಪ್ಪ ಕೇಳಿದರು. ಅದರ ಹೊಟ್ಟೆಯೊಳಗೆ ಏನಿದೆ ಎಂದು ಕೊಂಡವರಿಗೇ ತೋರಿಸುವುದಿಲ್ಲ, ನಮ್ಮದರಲ್ಲಿ ಮುಚ್ಚಿಟ್ಟದ್ದು ಒಂದು ಸಾಲೂ ಇರುವುದಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು ಎಂದೆ ನೀನು. ಹೆಸರನ್ನೂ ‘ಬಯಲು’ ಎಂದೇ ಇಟ್ಟೆ. ನಿಮ್ಮಪ್ಪನ ಹೊಸ ಲ್ಯಾಪ್‌ಟಾಪಿಗೆ ಅದನ್ನು ಹಾಕಿದ ದಿನವೇ ವೈಫೈ ನಿಂತುಹೋಯಿತು. ವೈಫೈ ಚಿಪ್ಪಿನ ಒಳಗಿನದು ಮುಚ್ಚಿಟ್ಟ ತಂತ್ರಾಂಶ, ಬಯಲಿಗೆ ಅದನ್ನು ಸೇರಿಸುವುದಿಲ್ಲ ಎಂದು ಪಟ್ಟುಹಿಡಿದು, ಹಾಲ್‌ನಿಂದ ರೂಮಿನವರೆಗೆ ವೈರು ಎಳೆದೆ. ಅದಕ್ಕೆ ಕಾಲು ಸಿಕ್ಕಿಸಿಕೊಂಡು ಎಡವಿದಾಗಲೆಲ್ಲ ನಿಮ್ಮಪ್ಪ ರೇವಣಸಿದ್ದಪ್ಪನವರು ಸ್ವಾತಂತ್ರ್ಯಕ್ಕೆ ಜಯವಾಗಲಿ ಎಂದು ಕೂಗುತ್ತಾರೆ.

ಆಮೇಲೆ ಕಣ್ಣು ಕಾಣದವರಿಗೆ ಓದಿ ಹೇಳುವ ದನಿಯ ಮಾತು ಬಂತು. ಚೆಂದದ ಕನ್ನಡ ದನಿಗಳೆಲ್ಲ ಕಂಪನಿಗಳ ಬೀಗದೊಳಗಿದ್ದವು. ಬಯಲಿಗೆ ಸಲ್ಲುವಂಥದ್ದು ಒಂದೇ ಇತ್ತು, ಅದು ತಗಡಿನ ಡಬ್ಬದಲ್ಲಿ ಕಲ್ಲು ಕುಲುಕಿದ ಹಾಗೆ ಮಾತಾಡುತ್ತಿತ್ತು. ಅಕ್ಕನ ಬಳಗದಲ್ಲಿ ವಚನ ಓದುವವಳು ನಾನು, ನನ್ನ ದನಿ ತಗೋ ಎಂದೆ. ನೀನು ಸ್ಟೋರ್ ರೂಮಿನ ಗೋಡೆಗೆಲ್ಲ ಕೌದಿ ನೇತುಹಾಕಿ ನನ್ನನ್ನು ಒಳಗೆ ಕೂರಿಸಿದೆ. ಕರಡಿ ಬ್ಯಾಂಕಿಗೆ ಹೋಯಿತು, ಡಾಕ್ಟರು ಛತ್ರಿಯನ್ನು ಝಾಡಿಸಿದರು ಎಂದೆಲ್ಲ ತಲೆಕೆಟ್ಟ ವಾಕ್ಯಗಳು. ಎಲ್ಲ ಅಕ್ಷರ ಬರಬೇಕಮ್ಮ, ಆಗಲೇ ಏನು ಬರೆದುಕೊಟ್ಟರೂ ಕಂಪ್ಯೂಟರು ನಿನ್ನ ದನಿಯಲ್ಲಿ ಓದೋದು ಎಂದೆ. ಸೊಪ್ಪಿನ ಗಾಡಿಯವನ ಮೈಕು ಕೂಗಿದರೆ ಮತ್ತೆ ಮೊದಲಿನಿಂದ. ಓದುವ ಮುಂಚೆ ‘ಹ್ಞಾಂ’ ಎಂದು ಗಂಟಲು ಸರಿಮಾಡಿಕೊಳ್ಳುವುದು ನನ್ನ ಚಾಳಿ. ಅದನ್ನು ಕತ್ತರಿಸಿಬಿಡೋಣ ಎಂದ ಜೀವನ್. ನೀನು ಬಿಡಲಿಲ್ಲ, ಅದಿದ್ದರೇ ಅಮ್ಮ ಎಂದೆ. ಆ ಮಾತಿಗೆ ನಾನು ಎಷ್ಟು ಉಬ್ಬಿಹೋಗಿದ್ದೆನೋ ನಿನಗೆ ಗೊತ್ತಿಲ್ಲ.

ಹೋದ ವರ್ಷ ವಿಜಯನಗರ ಮಾರ್ಕೆಟ್ಟಿನಲ್ಲಿ ಅವರೆಕಾಯಿಗೆ ಚೌಕಾಸಿ ಮಾಡುತ್ತಿದ್ದಾಗ, ಪಕ್ಕದಲ್ಲಿ ಬಿಳಿ ಕೋಲು ಹಿಡಿದ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿ, ಆಂಟಿ, ನೀವು ನನ್ನ ಕಂಪ್ಯೂಟರ್ ಅಲ್ವಾ ಎಂದು ಕೇಳಿದಳಲ್ಲ, ಅವಳೇ ಕಲಾ. ಗೋವಿಂದರಾಜನಗರದ ಸಹಕಾರ ಸಂಘದಲ್ಲಿ ಗುಮಾಸ್ತೆ. ದಿನವಿಡೀ ಅವಳಿಗೆ ಅರ್ಜಿ, ಪತ್ರ ಎಲ್ಲವನ್ನೂ ಓದಿಹೇಳುವವಳು ನಾನಂತೆ. ಆವತ್ತು ಮನೆಗೆ ಬಂದು ನಿನ್ನನ್ನು ತಬ್ಬಿಕೊಂಡಿದ್ದೆ.

ಇನ್ನು ಆ ಪುಡಿಯ ವಿಷಯ. ಮನಸ್ಸಿಲ್ಲದಿದ್ದರೂ ಬರೆಯಲೇಬೇಕು. ಸಕ್ಕರೆ ಕಾಯಿಲೆಗೆ ಪುಡಿ ಮಾರುವ ಯಾರೋ ಕಿರಾತಕರು ನನ್ನ ದನಿಯನ್ನು ಬಯಲಿನಿಂದ ಇಳಿಸಿಕೊಂಡು, ಮಾತ್ರೆ ಬಿಡಿ, ನಮ್ಮ ಪುಡಿ ತಿನ್ನಿ ಎಂದು ಊರಿಗೆಲ್ಲ ಫೋನಿನಲ್ಲಿ ಹೇಳಿಸಿದರು. ಪಕ್ಕದ ಮನೆಯ ಭಾಗವ್ವನಿಗೂ ಆ ಫೋನು ಬಂತು. ಅವಳು ಗದಗಿನ ಕಡೆಯಿಂದ ಬಂದು, ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆಯಾದ ಮೇಲೆ, ರೊಟ್ಟಿ ಬಡಿದರೆ ಈ ಮನೆಗಿಷ್ಟು ಆ ಮನೆಗಿಷ್ಟು ಎಂದು ಬಾಳಿದವರು ನಾವು. ಅವಳು ಪುಡಿಯವರನ್ನು ನಂಬಲಿಲ್ಲ ರಕ್ಷಾ, ನನ್ನನ್ನು ನಂಬಿದಳು. ಶುರುವಿಗೆ ‘ಹ್ಞಾಂ’ ಅಂತು, ಗಿರಿಜಾದೇವಿನ ಹೇಳಾಕತ್ಯಾಳ ಅಂದ್ಕೊಂಡೆ ಎಂದು ಆಸ್ಪತ್ರೆಯಲ್ಲಿ ಸೊಸೆ ತುಂಗಾಳ ಮುಂದೆ ಹೇಳಿದಳಂತೆ. ಮಾತ್ರೆ ಬಿಟ್ಟು, ಸಕ್ಕರೆ ಏರಿ, ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ನಾನು ನೋಡಲು ಹೋದರೆ ಗೋಡೆಯ ಕಡೆ ಮುಖ ತಿರುಗಿಸಿದಳು. ಅದು ಯಂತ್ರ ಮಾತಾಡಿದ್ದು ಎಂದು ನಿಮ್ಮಪ್ಪ ಎಷ್ಟು ಬಿಡಿಸಿ ಹೇಳಿದರೂ ಅವಳು ಈ ಕಡೆ ತಿರುಗಲಿಲ್ಲ. ಆವತ್ತಿನಿಂದ ಇವತ್ತಿನವರೆಗೂ ನನ್ನೊಂದಿಗೆ ಒಂದು ಮಾತಿಲ್ಲ.

ಆ ದಿನವೇ ನಿನಗೆ ಫೋನು ಮಾಡಿ, ನನ್ನ ಗಂಟಲನ್ನು ನನಗೆ ವಾಪಸು ಕೊಡು ಎಂದು ಕೂಗಾಡಿದ್ದು. ಆಮೇಲೆ ಬಳಗಕ್ಕೂ ಹೋಗಲಿಲ್ಲ. ಬಾಯಿ ತೆರೆದರೆ ಪುಡಿಯ ವಾಸನೆ ಬಂದಂತಾಗುತ್ತಿತ್ತು.

ನೀನು ಮೊದಲು, ಈ ದನಿಯನ್ನು ವ್ಯಾಪಾರಕ್ಕೆ ಬಳಸಬಾರದು ಎಂದು ಷರತ್ತು ಹಾಕಲು ನೋಡಿದೆಯಂತೆ. ಹಾಗೆ ಷರತ್ತು ಹಾಕಿದ್ದಕ್ಕೆ ಬಯಲಿನಲ್ಲಿ ಜಾಗವಿಲ್ಲ ಎಂಬ ನಿಯಮ ಮಾಡಿದವಳೂ ನೀನೇ. ಅಪ್ಪನ ವೈಫೈಯನ್ನೇ ಬಿಡದವಳು ಅಮ್ಮನಿಗೊಂದು ಕಾನೂನು ಮಾಡುವುದು ಹೇಗೆ ಎಂದು, ಪೂರ್ತಿ ತೆಗೆದೇಬಿಡುವ ತೀರ್ಮಾನಕ್ಕೆ ಬಂದೆ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ ಮಗಳೇ. ನನ್ನ ಮೇಲಿನ ಪ್ರೀತಿಗೆ ಮಾಡುತ್ತಿದ್ದೀಯ.

ಆದರೆ ಕಳೆದ ಸೋಮವಾರ ಕಲಾ ಮನೆಗೆ ಬಂದಿದ್ದಳು. ದನಿ ತೆಗೆಯುತ್ತೇವೆಂದು ನೀನು ಬಯಲು ಬಳಸುವವರಿಗೆಲ್ಲ ಕಳಿಸಿದ ಇಮೇಲನ್ನು ಅವಳಿಗೆ ಓದಿಹೇಳಿದ್ದೂ ನನ್ನ ದನಿಯೇ, ನೋಡು! ನೀವು ಹೋದ್ರೆ ನಾನು ಮತ್ತೆ ಆ ಡಬ್ಬದ ದನಿ ಕೇಳ್ಕೊಂಡೇ ಕೆಲಸ ಮಾಡ್ಬೇಕು ಆಂಟಿ, ಸಂಜೆ ಹೊತ್ತಿಗೆ ತಲೆ ಸಿಡಿಯುತ್ತೆ, ಆದ್ರೂ ನಿಮ್ಮ ದನಿ ನಿಮ್ಮದು, ನಾನು ಕೇಳೋದು ತಪ್ಪು ಎಂದಳು. ಕಾಫಿ ಕುಡಿದು ಹೋದಳು. ಏನೂ ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಇಲ್ಲ ಎನ್ನುವುದು ನನಗೆ ಸುಲಭವಿತ್ತು.

ಅವಳು ಹೋದ ಮೇಲೆ ಯೋಚನೆ ಮಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನು ತೆಗೆದರೂ ಪುಡಿಯವರ ಹತ್ತಿರ ನನ್ನ ದನಿ ಇದ್ದೇ ಇರುತ್ತದೆ. ಅವರಿಗೇನೂ ನಷ್ಟವಿಲ್ಲ, ಹೊಸ ಆವೃತ್ತಿಯಲ್ಲಿ ದನಿ ಕಳೆದುಕೊಳ್ಳುವವಳು ಕಲಾ ಮಾತ್ರ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು, ಅದೂ ಕಲಾಳ ಮೂಗು! ನಮ್ಮ ಮಠದ ದಾಸೋಹದ ಪಂಕ್ತಿಯಲ್ಲಿ ಕಳ್ಳನೂ ಕೂತು ಉಣ್ಣುತ್ತಾನೆ, ಬಾಗಿಲಲ್ಲಿ ಯಾರೂ ಅವನ ಜಾತಕ ಕೇಳುವುದಿಲ್ಲ. ಹಾಗಂತ ಒಲೆ ಆರಿಸಿದವರನ್ನು ನಾನು ಕಂಡಿಲ್ಲ. ಮೋಸ ಮಾಡಿದವರಿಗೆ ಪೊಲೀಸರಿದ್ದಾರೆ, ದೂರು ಕೊಟ್ಟಾಗಿದೆ, ನಿಮ್ಮಪ್ಪ ಠಾಣೆಗೆ ಅಲೆಯುತ್ತಿದ್ದಾರೆ.

ನನ್ನ ಪಾಲಿನ ಕೆಲಸ ನಾನು ಶುರುಮಾಡಿದ್ದೇನೆ. ಮತ್ತೆ ಬಳಗಕ್ಕೆ ಹೋದೆ. ಫೋನಿನಲ್ಲಿ ನನ್ನ ದನಿ ಬಂದು ಔಷಧ ಹೇಳಿದರೆ ನಂಬಬೇಡಿ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ ಎಂದು ಎಲ್ಲರ ಮುಂದೆ ನಿಂತು ಹೇಳಿದೆ. ನಮ್ಮ ಬೀದಿಯಲ್ಲಿ ಮನೆಮನೆಗೂ ಹೇಳಿಬಂದೆ. ನನ್ನ ದನಿಯನ್ನು ನಂಬಬೇಡಿ ಎಂದು ಅದೇ ದನಿಯಲ್ಲಿ ಸಾರುತ್ತಾ ತಿರುಗುವುದು ಎಂಥ ನಾಚಿಕೆ ಎಂದು ನಿನಗೆ ಹೇಗೆ ಹೇಳಲಿ. ಆದರೂ ಹೇಳುತ್ತೇನೆ, ಕಾಲು ಗಟ್ಟಿ ಇರುವವರೆಗೆ.

ಆದ್ದರಿಂದ ಬಿಡು, ಇರಲಿ. ಸಿಟ್ಟಿನಲ್ಲಿ ಕೇಳಿದ್ದನ್ನು ಸಮಾಧಾನದಲ್ಲಿ ವಾಪಸು ತೆಗೆದುಕೊಂಡಿದ್ದೇನೆ. ಭಾನುವಾರ ಊಟಕ್ಕೆ ಬಾ, ಜೀವನ್‌ನನ್ನೂ ಕರೆದುಕೊಂಡು ಬಾ, ಹಿತಕಿದ ಬೇಳೆ ಸಾರು ಮಾಡುತ್ತೇನೆ.

ಇಂತಿ ನಿನ್ನ ಅಮ್ಮ,
ಗಿರಿಜಾದೇವಿ

ತಾ.ಕ.: ಇಷ್ಟುದ್ದ ಬರೆದೂ ಒಂದು ವಿಷಯ ನುಂಗಿಕೊಂಡಿದ್ದೆ. ಜೀವನ್‌ನನ್ನು ಬೈಯಬೇಡ, ನಿನಗೆ ಹೇಳಬೇಡ ಅಂದವಳು ನಾನು. ಭಾಗವ್ವನ ಕಣ್ಣು ಮೊದಲೇ ಮಂಜಾಗುತ್ತಿತ್ತು, ಆಸ್ಪತ್ರೆಯಿಂದ ಬಂದಮೇಲೆ ಪೇಪರಿನ ದಪ್ಪಕ್ಷರವೂ ಕಾಣುವುದಿಲ್ಲ. ತುಂಗಾ ಜೀವನ್‌ನನ್ನು ಕರೆಸಿ ಅತ್ತೆಗೆ ಬಯಲು ಹಾಕಿಸಿದಳು. ಅವನು ಎರಡೂ ದನಿ ಕೇಳಿಸಿ ಯಾವುದಿರಲಿ ಎಂದನಂತೆ. ಆ ಡಬ್ಬೀದು ಬ್ಯಾಡೋ ತಮ್ಮಾ, ಆಕೀದ ಇಡು, ಆಕಿ ಓದಿದ್ರ ತಿಳೀತೈತಿ ಎಂದಳಂತೆ. ಆ ಮನೆಯ ಬಾಗಿಲು ನನಗೆ ಇನ್ನೂ ತೆರೆದಿಲ್ಲ. ಆದರೆ ದಿನಾ ಬೆಳಿಗ್ಗೆ ನಾನಿಲ್ಲಿ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿರುವಾಗ, ಗೋಡೆಯ ಆಚೆ ನಾನು ಭಾಗವ್ವನಿಗೆ ಪೇಪರು ಓದುತ್ತಿರುತ್ತೇನೆ.