ನಿಮ್ಮ ಕೈಗೇ ಬೀಳುತ್ತಿದ್ದ ಗೇರು

ನಾಗಮಂಗಲ
ಗುರುವಾರ, 13-11-2025

ಪ್ರೀತಿಯ ಪುಟ್ಟರಾಜು,

ನೋಡಿ, ಹೆಸರು ಹಿಡಿದು ಕರೆದೇ ಬಿಟ್ಟೆ. ಮದುವೆಯಾದಾಗಿನಿಂದ ‘ರೀ’ ಅನ್ನುವುದರಲ್ಲೇ ಕಾಲ ಕಳೆದಿದ್ದೇನೆ. ಕಾಗದದ ಮೇಲೂ ಹಾಗೆಯೇ ಬರೆದರೆ ನಿಮ್ಮ ಕುಡಿತ ಬಿಡಿಸುವ ಕೇಂದ್ರದವರು ಯಾರ ಕೈಗೆ ಕೊಡುತ್ತಾರೋ, ಅಲ್ಲಿರುವವರೆಲ್ಲ ಯಾರೋ ಒಬ್ಬಳ ‘ರೀ’ಗಳೇ ತಾನೆ. ಹೇಗಿದ್ದೀರಿ? ಕೈ ನಡುಕ ಕಡಿಮೆಯಾಯಿತೇ? ನಿದ್ದೆ ಬರುತ್ತಿದೆಯೇ? ಅಲ್ಲಿ ಮುದ್ದೆ ಕೊಡುವುದಿಲ್ಲ ಅಂತ ಬರೆದಿದ್ದಿರಿ. ಅನ್ನವನ್ನೇ ಉಣ್ಣಿ, ಮುದ್ದೆ ಎಲ್ಲಿಗೂ ಓಡಿಹೋಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕದ ಜಾಗ, ಬೆಳಗಿನ ಚಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ನಾನು ಇದನ್ನು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅತ್ತೆ ಒಳಗಿದ್ದಾರೆ. ಯಂತ್ರದ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ.

ನಿಮ್ಮ ಕಾಗದ ಸೋಮವಾರ ಸಂಜೆ ಬಂತು. ‘ನಾನಿಲ್ದಿದ್ರೆ ಅವ್ವನ್ನ ಆಸ್ಪತ್ರೆಗೆ ಯಾರು ಕರ್ಕಂಡೋಯ್ತಾರೆ? ಆ ಕಾರಿನ ಗೇರು ನನ್ ಕೈಗೇ ಬೀಳೋದು. ಬಾನುವಾರ ಎಂಗೋ ಗಾಡಿ ತಗಂಡು ಬಂದು ಸಹಿ ಆಕು, ಬುಟ್ಬುಡ್ತಾರೆ. ವಾಪಸ್ ನಾನೇ ಓಡಿಸ್ತೀನಿ.’ ಮೂರು ತಿಂಗಳ ಚಿಕಿತ್ಸೆಯಲ್ಲಿ ಇನ್ನೂ ಒಂದು ತಿಂಗಳೂ ತುಂಬಿಲ್ಲ. ಬೇರೆ ದಿನ ಬಂದಿದ್ದರೆ ಆ ಕಾಗದವನ್ನು ಒಲೆಗೆ ಹಾಕುತ್ತಿದ್ದೆನೋ ಏನೋ. ಆದರೆ ಸೋಮವಾರ ನನಗೆ ಸಿಟ್ಟು ಕೂಡ ಬರಲಿಲ್ಲ. ಹೌದಲ್ಲ, ಇವರು ಬಂದುಬಿಟ್ಟರೆ ಸಾಕಪ್ಪ ಅನ್ನಿಸಿತು. ಯಾಕೆ ಹಾಗನ್ನಿಸಿತು ಅಂತ ಮೊದಲು ಹೇಳಿಬಿಡುತ್ತೇನೆ, ನಿಮ್ಮ ಮಾತಿಗೆ ಉತ್ತರ ಕೊನೆಗೆ.

ಹೋದ ಗುರುವಾರ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆ. ನೀವು ಹೋದ ಮೇಲೆ ಗೇರು ದಿನದಿನಕ್ಕೆ ಸಡಿಲವಾಗುತ್ತಲೇ ಇತ್ತು. ನೀವಿದ್ದಾಗ ಗೇರು ಬೀಳದೆ ನಾನು ಒದ್ದಾಡಿದರೆ ‘ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ’ ಅಂತ ನಗುತ್ತಿದ್ದಿರಲ್ಲ, ಹಾಗಾಗಿ ತಪ್ಪು ನನ್ನದೇ ಅಂದುಕೊಂಡು ಓಡಿಸುತ್ತಿದ್ದೆ. ಅವತ್ತು ಕೆರೆ ಏರಿ ದಾಟಿದ ಮೇಲಿನ ಏರಿನಲ್ಲಿ ಮೂರರಿಂದ ಎರಡಕ್ಕೆ ಹಾಕಲು ಹೋದೆ, ಲಿವರು ಸಾರಿನ ಪಾತ್ರೆಯೊಳಗಿನ ಸೌಟಿನ ಹಾಗೆ ಸುಮ್ಮನೆ ತಿರುಗಿತು. ಒಂದಿಲ್ಲ, ಎರಡಿಲ್ಲ, ಯಾವುದೂ ಇಲ್ಲ. ಗಾಡಿ ಹಿಂದಕ್ಕೆ ಜಾರತೊಡಗಿತು. ಕೈಬ್ರೇಕು ಎಳೆದು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಅತ್ತೆಗೆ ಮೊದಲೇ ಕಾಲು ಬಾತಿತ್ತು, ಮುಖ ಊದಿತ್ತು, ಉಸಿರು ಎಳೆದುಕೊಳ್ಳುತ್ತಿದ್ದರು. ಬಸ್ಸು ಆಗಲೇ ಹೋಗಿತ್ತು. ರಸ್ತೆಯ ಮಧ್ಯೆ ನಿಂತು ಬಂದ ಬಂದ ಗಾಡಿಗೆಲ್ಲ ಕೈ ಮುಗಿದೆ ಪುಟ್ಟರಾಜು, ನಾಚಿಕೆ ಬಿಟ್ಟು ಮುಗಿದೆ. ಕಾರಿನವರು ಪಕ್ಕಕ್ಕೆ ಸರಿದು ಹೋದರು. ಕೊನೆಗೆ ನಿಂತವನು ನಮ್ಮ ಪಕ್ಕದ ಮನೆಯ ಕೆಂಪಣ್ಣ, ಟೆಂಪೋದಲ್ಲಿ ಕುರಿ ತುಂಬಿಕೊಂಡು ಸಂತೆಗೆ ಹೊರಟಿದ್ದ. ಅತ್ತೆಯನ್ನು ಮುಂದೆ ಕೂರಿಸಿ ನಾನು ಹಿಂದೆ ಕುರಿಗಳ ನಡುವೆ ನಿಂತು ಹೋದೆ. ತಡವಾದ್ದರಿಂದ ಅರ್ಧ ಹೊತ್ತಿನ ಡಯಾಲಿಸಿಸ್ ಮಾತ್ರ ಸಿಕ್ಕಿತು. ಉಳಿದರ್ಧದ ನೀರು ಅತ್ತೆಯ ಮೈಯಲ್ಲೇ ಉಳಿಯಿತು. ಆ ನಾಲ್ಕು ದಿನ ಅವರ ಉಸಿರನ್ನು ಎಣಿಸಿಕೊಂಡೇ ಇದ್ದೆ. ನಡುನಡುವೆ ಎದ್ದು ಕೂತು, ‘ಮಗನ್ನ ಕರ್ಕಂಬಾ ಕಣವ್ವಾ, ಅವ್ನಿದ್ರೆ ಇಂಗಾಯ್ತಿರ್ಲಿಲ್ಲ’ ಅನ್ನುವರು. ಸೋಮವಾರವೂ ಕೆಂಪಣ್ಣನ ಟೆಂಪೋವೇ ಗತಿ. ಮನೆಗೆ ಬಂದು ನೋಡಿದರೆ ನಿಮ್ಮ ಕಾಗದ.

ಕೆಂಪಣ್ಣನ ಟೆಂಪೋಗೆ ಕಟ್ಟಿ ಮನೆಗೆ ಎಳೆಸಿಕೊಂಡು ಬಂದಿದ್ದ ಕಾರನ್ನು ನೋಡಿ ಗ್ಯಾರೇಜಿನವನು ‘ಗೇರಿನ ಬುಷ್ ಹೋಗದೆ, ಗಾಡಿ ಬುಟ್ಟೋಗಿ, ಮುಂದಿನ್ ವಾರ ನೋಡವ’ ಅಂದ. ಮುಂದಿನ ವಾರದವರೆಗೆ ಅತ್ತೆಯ ರಕ್ತ ಕಾಯಬೇಕಲ್ಲ. ಬೇರೆ ಗಾಡಿ ತರುವ ಯೋಗ್ಯತೆಯಿಲ್ಲ, ಕೊನೆಗೂ ಹಳೇ ಗಂಡನ ಪಾದವೇ ಗತಿ ಅನ್ನುತ್ತಾರಲ್ಲ, ಹಾಗೆ ಈ ಹಳೇ ಕಾರೇ ಗತಿ. ಸರಿ, ನಾನೇ ಬಿಚ್ಚುತ್ತೇನೆ ಅಂತ ಸೆರಗು ಕಟ್ಟಿದೆ. ನಗಬೇಡಿ. ನಿಮ್ಮ ಮಗಳು ಸಹನ ಕಾಲೇಜಿಗೆ ಹೋಗುವ ಮೊದಲು ಮೊಬೈಲಿನಲ್ಲಿ ವಿಡಿಯೋ ಹಾಕಿಕೊಟ್ಟಳು. ಅದರಲ್ಲಿರುವವನದು ಹಿಂದಿ, ಆದರೆ ಸ್ಪ್ಯಾನರಿಗೆ ಯಾವ ಭಾಷೆ? ಮಂಗಳವಾರ ಬೆಳಿಗ್ಗೆ ಕಣಕ್ಕೆ ಕಾರು ತಳ್ಳಿಸಿಕೊಂಡು, ಜಾಕಿ ಏರಿಸಿ, ಮುಂದೆ ಎರಡು ಕಡೆ ಸೈಜುಗಲ್ಲು ಪೇರಿಸಿ, ಹಿಂದಿನ ಚಕ್ರಕ್ಕೆ ರಾಗಿ ಒಕ್ಕುವ ರೋಣಗಲ್ಲನ್ನೇ ಉರುಳಿಸಿ ಕೊಟ್ಟೆ. ಗೋಣಿಚೀಲ ಹಾಸಿಕೊಂಡು ಅಡಿಗೆ ನುಗ್ಗಿದೆ. ಬುಷ್ ಅಂದರೆ ಏನೋ ದೊಡ್ಡ ಭಾಗ ಅಂದುಕೊಂಡಿದ್ದೆ. ವಿಡಿಯೋದಲ್ಲಿ ನೋಡಿದರೆ ಎಳೇ ಮಗುವಿನ ಬಳೆಯಷ್ಟೂ ಇಲ್ಲದ ಒಂದು ರಬ್ಬರಿನ ಉಂಗುರ. ಗೇರಿನ ರಾಡು ಆಡದ ಹಾಗೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಅದು ಸವೆದದ್ದಕ್ಕೆ ನನ್ನ ಪ್ರಾಣ ಬಾಯಿಗೆ ಬಂದದ್ದು.

ಆದರೆ ಅಲ್ಲಿ ಬುಷ್ ಇರಲೇ ಇಲ್ಲ, ನಿಮಗೂ ಗೊತ್ತು. ಬೋಲ್ಟು ಬಿಚ್ಚಿದಾಗ ಏನೋ ಸುತ್ತಿದ್ದು ಕಂಡಿತು. ಗ್ರೀಸು ಒರೆಸಿ ಉಗುರಿನಿಂದ ಎಬ್ಬಿಸಿದೆ. ನಿಮ್ಮ ಖಾಲಿ ಪ್ಯಾಕೆಟ್ಟುಗಳು. ಬ್ರಾಂದಿ ಪ್ಯಾಕೆಟ್ಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸವೆದ ಜಾಗಕ್ಕೆ ಬಿಗಿಯಾಗಿ ಸುತ್ತಿ ತಂತಿ ಕಟ್ಟಿದ್ದಿರಿ. ಸಡಿಲವಾದಾಗ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಒಳಗಿನವು ಕಪ್ಪಾಗಿ ಅಂಟಿಕೊಂಡಿದ್ದವು. ಎಲ್ಲಕ್ಕಿಂತ ಮೇಲಿನದರ ಬಣ್ಣ ಕೂಡ ಮಾಸಿರಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ನೀವು ಕಾರಿನ ಅಡಿಗೆ ನುಗ್ಗಿ ‘ಆಯ್ತು ಕಣೆ, ಇನ್ನು ಬೆಣ್ಣೆ ಅಂಗೆ ಬೀಳ್ತದೆ’ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಇನ್ನು ಕುಡಿಯುವುದಿಲ್ಲ ಅಂತ ನೀವು ಅವ್ವನ ತಲೆ ಮುಟ್ಟಿ ಆಣೆ ಮಾಡಿದ್ದು ಅದಕ್ಕೂ ಮೊದಲು, ಶ್ರಾವಣದಲ್ಲಿ. ವಾರಕ್ಕೆ ಎರಡು ಸಲ ಅವ್ವನನ್ನು ಕೂರಿಸಿಕೊಂಡು ಓಡಿಸುತ್ತಿದ್ದಿರಿ. ನಾನು ಕಾರಿನ ಅಡಿಯಲ್ಲೇ ಮಲಗಿಕೊಂಡು ಅತ್ತುಬಿಟ್ಟೆ. ಮೇಲೆ ಬರಲು ಮನಸ್ಸಾಗಲಿಲ್ಲ.

ಆ ಪಟ್ಟಿಗಳನ್ನು ಅತ್ತೆಗೆ ತೋರಿಸಬೇಕು ಅಂತ ನಾನು ಅಂದುಕೊಂಡಿರಲಿಲ್ಲ, ದೇವರಾಣೆ. ಮುಷ್ಟಿಯಲ್ಲಿ ಮುಚ್ಚಿಕೊಂಡು ತಿಪ್ಪೆಯ ಕಡೆ ಹೋಗುತ್ತಿದ್ದೆ. ಜಗಲಿಯ ಮೇಲೆ ಕೂತಿದ್ದವರು ‘ಏನವ್ವಾ ಅದು, ತತ್ತಾ’ ಅಂದರು. ಕೈಗೆ ಕೊಟ್ಟೆ. ಕಣ್ಣು ಮಂಜಾದರೂ ಮೂಗು ಚುರುಕು, ನಿಮ್ಮ ಅಪ್ಪನ ಜೊತೆ ಬಾಳಿದವರಲ್ಲವೇ. ಬಹಳ ಹೊತ್ತು ಬೆರಳಲ್ಲಿ ತಿರುವಿದರು. ‘ಇದನ್ನ ಸುತ್ಕಂಡಾ ನನ್ನ ಆಸ್ಪತ್ರೆಗೆ ಕರ್ಕಂಡೋಯ್ತಿದ್ದದ್ದು ನನ್ ಮಗ?’ ಅಂದರು. ಒಳಗೆ ಹೋಗಿ ತಮ್ಮ ಎಲೆಅಡಿಕೆ ಕುಟ್ಟುವ ಹಿತ್ತಾಳೆಯ ಗುಂಡು ತಂದು ನನ್ನ ಕೈಗೆ ಹಾಕಿದರು. ‘ರಬ್ಬರು ತಿರ್ಗಾ ಸವೀತದೆ. ಇದ್ರಲ್ಲಿ ಮಾಡ್ಸು’ ಅಂದರು. ಅವರ ತಾಯಿಮನೆಯಿಂದ ಬಂದ ಗುಂಡು, ಕುಟ್ಟಾಣಿ ಮುಟ್ಟಿದರೆ ನನ್ನ ಮೇಲೇ ರೇಗುತ್ತಿದ್ದವರು. ಅವತ್ತಿನಿಂದ ನಿಮ್ಮನ್ನು ಕರೆದುಕೊಂಡು ಬಾ ಅನ್ನುವ ಮಾತು ಅವರ ಬಾಯಲ್ಲಿ ಬಂದಿಲ್ಲ.

ಮಧ್ಯಾಹ್ನದ ಬಸ್ಸಿಗೆ ಕೆ.ಆರ್. ಪೇಟೆಗೆ ಹೋಗಿ ಲೇತ್ ಯಂತ್ರದಲ್ಲಿ ಆ ಗುಂಡಿನಿಂದಲೇ ಎರಡು ಬುಷ್ ಕಡೆಸಿಕೊಂಡು ಬಂದೆ. ಬುಧವಾರ ಕೂರಿಸಿದೆ. ಒಂದು ಸುಲಭವಾಗಿ ಕೂತಿತು, ಇನ್ನೊಂದು ಅಲ್ಲಾಡಲೊಲ್ಲದು, ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳ ತುದಿ ಸುಲಿದು, ಬೋಲ್ಟಿಗೂ ಬೈದು, ನಿಮಗೂ ಬೈದು, ಸಂಜೆಗೆ ಮುಗಿಸಿದೆ. ಅತ್ತೆ ಅರಿಸಿನ ಕುಂಕುಮ ಹಚ್ಚಿ ನಾಲ್ಕು ಚಕ್ರದ ಮುಂದೂ ನಿಂಬೆಹಣ್ಣು ಇಟ್ಟರು. ಕೆಂಪಣ್ಣನ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಳು. ನಾನು ಮಹಾರಾಣಿಯ ಹಾಗೆ ಕೂತು ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಗಾಡಿ ಹಿಂದಕ್ಕೆ ಹಾರಿತು! ರಾಡನ್ನು ತಿರುಚಿ ಕೂರಿಸಿಬಿಟ್ಟಿದ್ದೆ, ನಾನು ಒಂದು ಅಂದುಕೊಂಡದ್ದು ರಿವರ್ಸ್ ಆಗಿತ್ತು. ರಾಗಿ ಮೆದೆಗೆ ಹೋಗಿ ಗುದ್ದಿ ನಿಂತಿತು, ಮೇಲಿನ ಹುಲ್ಲೆಲ್ಲ ಕಾರಿನ ಮೇಲೆ. ನಿಂಬೆಹಣ್ಣು ಇಟ್ಟ ಜಾಗದಲ್ಲೇ ಹಳದಿಯಾಗಿ ಕೂತಿದ್ದವು. ‘ನಿಂಬೆಹಣ್ಣೇ ತುಳೀನಿಲ್ವಲ್ಲವ್ವಾ’ ಅಂದರು ಅತ್ತೆ. ಕಾರಿನ ಹಿಂದೆ ಅವರು ನಿಂತಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡು ಸ್ಟೇರಿಂಗಿನ ಮೇಲೆ ತಲೆಯಿಟ್ಟುಬಿಟ್ಟೆ. ಇನ್ನು ನನ್ನ ಕೈಯಲ್ಲಾಗದು, ಭಾನುವಾರ ಹೋಗಿ ಕರೆತಂದುಬಿಡುತ್ತೇನೆ, ಕುಡಿದರೆ ಕುಡಿಯಲಿ, ಎದುರಿಗಾದರೂ ಇರಲಿ ಅಂತ ಗಟ್ಟಿಯಾಗಿಯೇ ಅಂದೆ. ಅತ್ತೆ ನಿಂಬೆಹಣ್ಣುಗಳನ್ನು ಎತ್ತದೆ ಹಾಗೆಯೇ ಬಿಟ್ಟು ಜಗಲಿಗೆ ಹೋಗಿ ಕೂತರು. ಅವರು ಎತ್ತಿದ್ದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಎತ್ತಲಿಲ್ಲವಲ್ಲ, ಮತ್ತೆ ಅಡಿಗೆ ನುಗ್ಗಿದೆ.

ಇನ್ನು ಜಾಸ್ತಿ ಬರೆಯುವುದಕ್ಕೆ ಹೊತ್ತಿಲ್ಲ, ಅತ್ತೆಯ ಯಂತ್ರ ನಿಲ್ಲಿಸುವ ಸಮಯವಾಯಿತು. ಅವರ ಆಶೀರ್ವಾದ ಯಾವಾಗಲೂ ನಿಮ್ಮ ಮೇಲಿದೆ, ಈ ವಾರ ಬಾಯಿ ಬಿಟ್ಟು ಹೇಳಿಲ್ಲ ಅಷ್ಟೆ. ಸಹನ ಕೇಳಿದೆ ಅಂತ ತಿಳಿಸಲು ಹೇಳಿದ್ದಾಳೆ. ಸರಿಯಾಗಿ ಉಣ್ಣಿ, ಮಾತ್ರೆ ಬಿಡಬೇಡಿ.

ಎಂದೆಂದಿಗೂ ನಿಮ್ಮವಳಾದ
ಯಶೋಧರಾ

ಮರೆತಿದ್ದೆ: ಉತ್ತರ ಕೊನೆಗೆ ಅಂದಿದ್ದೆನಲ್ಲ. ಇವತ್ತು ನಾವು ನಮ್ಮ ಕಾರಿನಲ್ಲೇ ಬಂದೆವು. ಕೆರೆ ಏರಿಯ ಹತ್ತಿರ ಎರಡನೇ ಗೇರು ನನ್ನ ಕೈಗೇ ಬಿತ್ತು. ಶ್ರೀರಂಗಪಟ್ಟಣದವರೆಗೂ ಬರಬಲ್ಲೆ. ಭಾನುವಾರ ಬರುವುದಿಲ್ಲ. ಸಹಿ ಹಾಕುವುದಿಲ್ಲ. ಮೂರು ತಿಂಗಳು ಮುಗಿಸಿ. ಗೇಟಿನ ಹತ್ತಿರ ಬಂದು ನಿಲ್ಲಬೇಡಿ, ನೀವು ನಿಂತಿದ್ದೀರಿ ಅಂತ ನೆನೆದರೆ ನನಗೆ ತಡೆಯುವುದಿಲ್ಲ. ಅದಕ್ಕೇ ಶನಿವಾರ ಸಂಜೆ ಕಾರಿನ ಕೀಲಿಯನ್ನು ಕೆಂಪಣ್ಣನ ಹೆಂಡತಿಗೆ ಕೊಟ್ಟುಬಿಡುತ್ತೇನೆ. ಸೋಮವಾರ ಬೆಳಿಗ್ಗೆ ಅತ್ತೆಯನ್ನು ಕರೆತರುವ ಹೊತ್ತಿಗೆ ವಾಪಸ್ ಕೊಡು, ಅದಕ್ಕೂ ಮೊದಲು ನಾನೇ ಬಂದು ಕಾಲು ಹಿಡಿದರೂ ಕೊಡಬೇಡ ಅಂತ ಹೇಳಿದ್ದೇನೆ.